ಕೈಗಡದ ಕೋಪ

ನಮ್ಮೂರಲ್ಲಿ ಬೆಳಗಾದರೆ ತಲೆಗೊಂದು ಲೋಟ ಕೋಪ ಬರುತ್ತದೆ. ಮುಗಿದರೆ ಮತ್ತೆ ನಾಳೆಯೇ. ಎಲ್ಲ ಸುದ್ದಿಗೂ ಸ್ಪಂದಿಸುವುದು ಕರ್ತವ್ಯವೆಂದು ನಂಬಿರುವ ನಾನು ನನ್ನ ಪಾಲನ್ನು ಬೆಳಗಿನ ವಾರ್ತೆಯಲ್ಲೇ ಮುಗಿಸಿದ್ದೆ. ಅರ್ಧ ಒಬ್ಬ ಮಂತ್ರಿಯ ಹೇಳಿಕೆಗೆ, ಇನ್ನರ್ಧ ಯಾವನೋ ನಟನ ವಿಚ್ಛೇದನಕ್ಕೆ. ನಟನಿಗೆ ಅಷ್ಟು ಬೇಕಿತ್ತೇ ಎಂದು ಯೋಚಿಸುವಷ್ಟರಲ್ಲಿ ಮನೆ ಮಾಲೀಕ ಮರಿಬಸವಯ್ಯನವರು ಮತ್ತೆ ನಮ್ಮ ನೀರು ನಿಲ್ಲಿಸಿದರು. ಕೇಳಲು ಹೋದವನು, "ಪರವಾಗಿಲ್ಲ ಸಾರ್" ಎಂದು ಹೇಳಿ ಬಂದೆ.

ಹೆಂಡತಿ ಖಾಲಿ ಬಿಂದಿಗೆ ಕುಕ್ಕಿದಳು. "ನಿಮ್ಮ ನಟ ಬಂದು ನೀರು ಬಿಡ್ತಾನಾ? ಹೋಗ್ರೀ, ಪಕ್ಕದ್ಮನೆ ಗಂಗಜ್ಜಿ ಹತ್ರ ಒಂದ್ಲೋಟ ಕೋಪ ಕೈಗಡ ಇಸ್ಕೊಂಬನ್ನಿ. ಅವ್ರು ವಾರ್ತೆ ನೋಡಲ್ಲ."

ಅಜ್ಜಿ ಧಾರಾಳಿ. "ಸೊಸೆಗೆ ಅಂತ ಎತ್ತಿಟ್ಟಿದ್ದೆ, ತಗೊಳಪ್ಪ" ಎಂದು ಲೋಟ ತುಂಬಾ ಕೊಟ್ಟರು. ಗಟಗಟನೆ ಕುಡಿದು ಮಾಲೀಕರ ಬಾಗಿಲು ಬಡಿದೆ. ಅವರು ತೆರೆದದ್ದೇ ತಡ, ಗುಡುಗಿದೆ.

"ಏನೇ! ಸೂರ್ಯ ನೆತ್ತಿಗೆ ಬಂದ್ರೂ ಹಾಸಿಗೆ ಮಡಚಿಲ್ವಾ? ಸಾರಿಗೆ ಇಂಗು ಹಾಕೋಕೂ ನಾನೇ ಹೇಳ್ಬೇಕೇನೇ?"

ನೀರಿನ ಮಾತೆತ್ತುವ ಮೊದಲೇ ಕೋಪ ಖಾಲಿಯಾಯಿತು. ಮನೆ ಬಿಡಿಸುತ್ತಾರೆಂದು ಹೆದರಿ ಎರಡು ಹೆಜ್ಜೆ ಹಿಂದೆ ಸರಿದೆ.

ಒಂಟಿ ಮನುಷ್ಯ ಮರಿಬಸವಯ್ಯನವರು ಒಳಗೆ ಹೋಗಿ ಹಾಸಿಗೆ ಮಡಚಿದರು. ಆಮೇಲೆ ಹೊರಗೆ ಬಂದು, ಕಣ್ಣೊರೆಸಿಕೊಂಡು ನೀರು ಬಿಟ್ಟರು.

"ನಮ್ಮಮ್ಮ ಹೋದ್ಮೇಲೆ ನನ್ನನ್ನ ಯಾರೂ ಹಿಂಗೆ ಬೈದಿರ್ಲಿಲ್ಲ ಕಣ್ರೀ," ಎಂದರು. "ನಾಳೆನೂ ಬರ್ತೀರಾ?"