ಸಾಹಿತಿ ತೊಳೆದ ಪಾತ್ರೆಗಳು

"ಹಾಗಲ್ಲಪ್ಪ. ತಳ ಉಜ್ಜು, ತಳ. ನಮ್ಮನೆಯವರು ತಳ ಬಿಡ್ತಿರಲಿಲ್ಲ."

ನಟ ಬಾಣಲೆ ಮಗುಚಿ ಮತ್ತೆ ಉಜ್ಜಿದ. ಮಹಾಸಾಹಿತಿಯ ಜೀವನಚಿತ್ರಕ್ಕೆ ಅವನೇ ನಾಯಕ. ಪೋಸ್ಟರ್ ಬಂದಾಗಿನಿಂದ ಎಲ್ಲೆಲ್ಲೂ ಅದೇ ಮಾತು. ಸಾಹಿತಿಯ ಒಂದು ಪುಟವನ್ನೂ ಓದದವರು ಮೊದಲ ದಿನದ ಟಿಕೆಟ್ಟಿಗೆ ಹೊಂಚು ಹಾಕುತ್ತಿದ್ದರು. ನಟನೂ ಓದಿರಲಿಲ್ಲ. ಅದಕ್ಕೇ ಪಾತ್ರದ ಒಳಹೊಗಲು ಸಾಹಿತಿಯ ಹೆಂಡತಿಯ ಬಳಿ ಬಂದವನು ಈಗ ಸಿಂಕಿನ ಮುಂದೆ ನಿಂತಿದ್ದ.

"ಪಾತ್ರೆ ಆದ್ಮೇಲೆ ನೆಲ ಒರೆಸ್ತಿದ್ರು. ಆಮೇಲೇ ಪೆನ್ನು ಹಿಡೀತಿದ್ದದ್ದು," ಎಂದರು ಆಕೆ.

ಅಲ್ಲೇ ಕೂತಿದ್ದ ಮೈದುನನಿಗೆ ಕೆಮ್ಮು ಬಂತು. ಅತ್ತಿಗೆ ಒಮ್ಮೆ ತಿರುಗಿ ನೋಡಿದರು. ಕೆಮ್ಮು ನಿಂತಿತು.

ಆಕೆ ಚಹಾ ಬಸಿದು, ಹಜಾರದ ಕೊನೆಗಿದ್ದ ಮುಚ್ಚಿದ ಬಾಗಿಲ ಮುಂದಿನ ಸ್ಟೂಲಿನ ಮೇಲೆ ಇಟ್ಟರು. ಬೆಳಿಗ್ಗೆ ಇಟ್ಟಿದ್ದ ಲೋಟ ಎತ್ತಿಕೊಂಡು ಸದ್ದಿಲ್ಲದೆ ವಾಪಸಾದರು.

"ಮದುವೆಯಾದಾಗಿನಿಂದ ನಡ್ಕೊಂಡು ಬಂದಿದ್ದು. ಈಗ ಹೇಗೆ ಬಿಡ್ಲಿ?"

ನಟನ ಕಣ್ಣಲ್ಲಿ ನೀರಾಡಿತು. ಅಷ್ಟರಲ್ಲಿ ಅವನ ಕೈಗೆ ಈರುಳ್ಳಿಯೂ ಬಂದಿತ್ತು ಅನ್ನಿ.

"ಆ ರೂಮು ಒಂದ್ಸಲ ನೋಡಬಹುದಾಮ್ಮ?"

"ಬೇಡಪ್ಪ. ಅವರ ನೆಮ್ಮದಿ ಕೆಡಿಸಬಾರದು."

ನಿರ್ದೇಶಕನಿಗೆ ಇದೆಲ್ಲ ಹಿಡಿಸಲಿಲ್ಲ. ಅವನಿಗೆ ಬೇಕಿದ್ದದ್ದು ಮೇಜು, ಗಾಳಿಗೆ ಹಾರುವ ಹಾಳೆ, ಕಿಟಕಿಯಾಚೆ ಒಬ್ಬಳು ಚೆಲುವೆ. "ಅಮ್ಮಾ, ಅಷ್ಟು ದೊಡ್ಡ ಸಾಹಿತಿ ಕೈಗೆ ಮಸಿಬಟ್ಟೆ ಕೊಟ್ರೆ ಜನ ನಗ್ತಾರೆ. ಈ ಸೀನು ತೆಗೀತೀನಿ."

"ಮೇಜಿನ ಮುಂದೆ ಅವರನ್ನ ಲೋಕವೆಲ್ಲ ನೋಡಿದೆ. ನಂಗೆ ಅವರನ್ನ ಅಡುಗೆಮನೇಲಿ ನೋಡಬೇಕು. ಒಂದೇ ಒಂದು ಸಲ. ಅದಿಲ್ಲ ಅಂದ್ರೆ ಈ ಮನೇಲಿ ಶೂಟಿಂಗೂ ಇಲ್ಲ."

ಹೇಳುವಾಗ ಧ್ವನಿ ನಡುಗಿತು. ನಾಟಕವಲ್ಲ. ಅದೊಂದು ಆಸೆ ನಿಜವಾಗಿಯೂ ಆ ಜೀವವನ್ನು ಹಿಂಡುತ್ತಿತ್ತು. ಮಂಡಿನೋವಿನ ಹೆಂಗಸು, ಇನ್ನೆಷ್ಟು ದಿನ ಓಡಾಡಿಯಾರು? ನಿರ್ದೇಶಕನ ಕರುಳು ಚುರುಕ್ಕೆಂದಿತು. ಬೇರೆ ಮನೆ ಹುಡುಕುವ ತಾಪತ್ರಯವೂ ಕಣ್ಣಮುಂದೆ ಬಂತು. ಒಪ್ಪಿಕೊಂಡ.

ಟ್ರೇಲರ್ ಬಂತು. ಜನ ನಗಲಿಲ್ಲ, ಮರುಳಾದರು. ವಿಮರ್ಶಕರು ಕಾದಂಬರಿಗಳನ್ನು ಬದಿಗಿಟ್ಟು ಬಾಣಲೆಯ ಮೇಲೆ ಲೇಖನ ಬರೆದರು. ಮನೆಮನೆಯಲ್ಲೂ ಹೆಂಡತಿಯರು ಗಂಡಂದಿರ ಮೂಗಿನ ಮುಂದೆ ಮೊಬೈಲ್ ಹಿಡಿದರು: "ನೋಡ್ರೀ, ಅಂಥಾ ದೊಡ್ಡ ಮನುಷ್ಯ." ಗಂಡಂದಿರು ಸಾಹಿತ್ಯವನ್ನೇ ಶಪಿಸಿದರು. ಈ ಸುದ್ದಿ ಕೇಳಿದಾಗಲೆಲ್ಲ ಆಕೆಗೆ ಒಳಗೊಳಗೇ ಖುಷಿ.

ಬಿಡುಗಡೆಯ ಹಿಂದಿನ ದಿನ ಬೆಳಿಗ್ಗೆ ಟೀವಿಯವರು ಕ್ಯಾಮೆರಾ ಹೊತ್ತು ಬಾಗಿಲಿಗೆ ಬಂದರು. ಆ ಪುಣ್ಯಾತ್ಮನ ಅಡುಗೆಮನೆಯಿಂದಲೇ ನೇರಪ್ರಸಾರವಂತೆ. ಆಕೆ ಅವರನ್ನೆಲ್ಲ ಹಜಾರದಲ್ಲಿ ಕೂರಿಸಿದರು. ಮಂಡಿ ಹಿಡಿದುಕೊಂಡೇ ನಡೆದುಹೋಗಿ, ಆ ಮುಚ್ಚಿದ ಬಾಗಿಲನ್ನು ಜೀವಮಾನದಲ್ಲಿ ಮೊದಲ ಸಲ ದಬದಬ ಬಡಿದರು.

"ರೀ, ಏಳಿ. ನೀವು ಪಾತ್ರೆ ತೊಳೆಯೋದನ್ನ ನೋಡೋಕೆ ಬಂದಿದ್ದಾರೆ."

ಬಾಗಿಲು ತೆರೆಯಿತು. ಮಹಾಸಾಹಿತಿ ಕ್ಯಾಮೆರಾಗಳನ್ನು ನೋಡಿದರು, ಹೆಂಡತಿಯ ಮುಖ ನೋಡಿದರು, ಆಮೇಲೆ ಧ್ವನಿ ತಗ್ಗಿಸಿ ಕೇಳಿದರು: "ಲೇ, ನಮ್ಮ ಅಡುಗೆಮನೆ ಲೈಟಿನ ಸ್ವಿಚ್ ಎಲ್ಲಿದೆ?"