ಎದುರುಮನೆಯ ಕೀಲಿ

ಸೋಮವಾರ ಪೇಟೆಯಲ್ಲಿ ಕಲ್ಲುತೂರಾಟ ನಡೆಯಿತು. ಮಂಗಳವಾರ ಅಂಗಡಿಗಳು ಮುಚ್ಚಿದ್ದವು. ಬುಧವಾರ ಸುಲೋಚನಾಳ ಗಂಡ ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದ.

ಅವರ ಮನೆಯ ಎರಡನೆಯ ಕೀಲಿ ಎದುರುಮನೆಯ ತಬಸ್ಸುಮ್ ಬಳಿ, ಅವಳ ಮನೆಯದು ಸುಲೋಚನಾಳ ಬಳಿ ಇರುವುದು ಬಹುಕಾಲದ ರೂಢಿ.

“ಈ ಸಲ ಅವಳಿಗೆ ಕೀಲಿ ಕೊಡ್ಬೇಡ,” ಎಂದ ಗಂಡ.

“ನನ್ನ ಬಾಣಂತನ ಮಾಡಿದವಳು ಕಣ್ರೀ ಅವಳು!”

“ಅವಳ ಮೇಲೆ ಅನುಮಾನ ಇಲ್ಲ ಕಣೇ. ಅವರ ಮನೆಗೆ ಬಂದುಹೋಗೋರ ಮೇಲೆ.”

ಸುಲೋಚನಾ ಕೀಲಿ ಕೊಡಲಿಲ್ಲ.

ಶುಕ್ರವಾರ ತಬಸ್ಸುಮ್ ಫೋನ್ ಮಾಡಿದಳು. “ಅಕ್ಕಾ, ಗಲಾಟೆ ತಣ್ಣಗಾಗ್ಲಿ ಅಂತ ತವರಿಗೆ ಹೊರಟು ಬಸ್ ಹತ್ತಿದೀವಿ. ಒಲೆ ಮೇಲೆ ಹಾಲು ಹಾಗೇ ಬಿಟ್ಟು ಬಂದ್ಬಿಟ್ಟೆ! ನಿಮ್ಮ ಹತ್ರ ಇರೋ ಕೀಲಿ…” ಅವಳ ಮಾತು ಥಟ್ಟನೆ ನಿಂತಿತು. “ಬೇಡ ಬಿಡಿ ಅಕ್ಕಾ. ನಾವೇ ವಾಪಸ್ ಬರ್ತೀವಿ.”

ತಮ್ಮ ಬಾಗಿಲಿನ ಹೊಸ ಬೀಗವನ್ನು ಅವಳು ನೋಡಿರಬೇಕೆಂದು ಸುಲೋಚನಾಳಿಗೆ ನಾಚಿಕೆಯಾಯಿತು.

“ನಾನು ಸತ್ತಿದೀನೇನೇ? ಈಗ್ಲೇ ಹೋಗ್ತೀನಿ,” ಎಂದು ಕೀಲಿ ಹಿಡಿದು ಓಡಿದಳು.

ಎದುರುಮನೆಯ ಕಿಟಕಿಯಿಂದ ಹಾಲು ಸೀದ ವಾಸನೆ ಬರುತ್ತಿತ್ತು. ಅವಳ ಕೈಯಲ್ಲಿದ್ದ ಕೀಲಿ ಒಳಗೆ ಹೋಗಲಿಲ್ಲ.

ಆ ಬಾಗಿಲಿನ ಬೀಗವೂ ಹೊಸದಾಗಿತ್ತು.