ಅವ್ವನ ಜ್ವಾಕಿ

"ಅವ್ವ ಎರಡ ಸಲ ಬಿದ್ದಮ್ಯಾಲೆ ವೃದ್ಧಾಶ್ರಮದವ್ರು ಭಾಳ ಜ್ವಾಕಿ ಮಾಡ್ತಾರ," ಎಂದಿದ್ದ ಅಣ್ಣ. ನೀಲವ್ವ ಅವನ ಹಿಂದೆ ಕೋಣೆಗೆ ಕಾಲಿಟ್ಟಾಗ ಉಚ್ಚೆಯ ನಾತ ಮೂಗಿಗೆ ಬಡಿಯಿತು. ಅವ್ವನ ಎಡಗೈಯನ್ನು ಹಳೇ ಸೀರೆಯ ತುಂಡಿನಿಂದ ಮಂಚದ ಕಂಬಿಗೆ ಬಿಗಿದಿದ್ದರು. ಮಣಿಕಟ್ಟು ಕೆಂಪಗೆ ಬಾತುಕೊಂಡಿತ್ತು.

ನೀಲವ್ವ ಮಂಚದ ಪಕ್ಕ ನಿಂತಿದ್ದ ಮೇಲ್ವಿಚಾರಕಿಯನ್ನು ದಿಟ್ಟಿಸಿದಳು. "ಥೂ! ನಮ್ಮವ್ವ ಏನ ದನಾ ಏನ್ರೀ?"

"ಕಟ್ಟಿದಾಗಿಂದ ಒಮ್ಮೆನೂ ಬಿದ್ದಿಲ್ರೀ," ಎಂದಳು ಮೇಲ್ವಿಚಾರಕಿ ಹೆಮ್ಮೆಯಿಂದ.

ಅವ್ವ ಬಲಗೈ ಚಾಚಿ ಮಗಳ ಸೆರಗು ಹಿಡಿದಳು. "ನನ್ನ ಮನಿಗೆ ಕರಕೊಂಡ ಹೋಗ, ನೀಲವ್ವಾ."

ಅಣ್ಣ ಮುಂದೆ ಬಂದು ಗಂಟಿಗೆ ಕೈ ಹಾಕಿದ. ಸದ್ಯ, ಬಿಚ್ಚುತ್ತಿದ್ದಾನೆ ಎಂದುಕೊಂಡಳು ನೀಲವ್ವ. ಅವನು ಗಂಟನ್ನು ಜಗ್ಗಿ ನೋಡಿ ಮೇಲ್ವಿಚಾರಕಿಯ ಕಡೆ ತಿರುಗಿದ.

"ಇದೇನೋ ಗಟ್ಟಿ ಐತಿ. ಬಲಗೈ ಯಾಕ ಬಿಟ್ಟೀರಿ?"